ಬಿಟ್ಟುಹೋದ ‘ಅಂತಾರೆ’

ಬೆಟ್ಟದ ಮೇಲಿನ ನಮ್ಮೂರು ಸಾಂತಾ ಪ್ರಿಸ್ಕಾದಲ್ಲಿ ಊರ ಪಾಳಿಯನ್ನು ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸಭೆಯಲ್ಲಿ ಹೆಸರು ಕೂಗಿದರೆ ಮುಗಿಯಿತು, ಒಂದು ವರ್ಷ ಸಂಬಳವಿಲ್ಲದೆ ಊರಿಗೆ ದುಡಿಯಬೇಕು. ಒಬ್ಬರಿಗೆ ಇಗರ್ಜಿಯ ಗಂಟೆ ಬಾರಿಸುವ ಕೆಲಸ ಬರುತ್ತದೆ, ಇನ್ನೊಬ್ಬರಿಗೆ ನೀರಿನ ಕೊಳವೆ ಕಾಯುವುದು, ಮತ್ತೊಬ್ಬರಿಗೆ ಕುಡಿದು ಬಿದ್ದವರನ್ನು ಎತ್ತಿ ಮನೆ ಸೇರಿಸುವುದು. ನನ್ನ ನಲವತ್ತೊಂದನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದದ್ದು ಕ್ಯಾಮೆರಾ.

ವಹಾಕಾ ಪಟ್ಟಣದ ಒಂದು ಸಂಘದವರು ಬೆಟ್ಟದ ಹಳ್ಳಿಗಳವರಿಗೆ ವಿಡಿಯೊ ಹಿಡಿಯುವುದನ್ನೂ ಜೋಡಿಸುವುದನ್ನೂ ಕಲಿಸುತ್ತಾರೆ, ಊರಿಗೊಬ್ಬರನ್ನು ಕಳಿಸಿ ಎಂದು ಕಾಗದ ಬಂದಿತ್ತು. ಊರ ಅಧ್ಯಕ್ಷ ಫಿದೆನ್ಸಿಯೊ ಅದನ್ನು ಸಭೆಯಲ್ಲಿ ಎರಡು ಸಲ ಓದಿದ. ಯಾರೂ ಕೈ ಎತ್ತಲಿಲ್ಲ.

“ಸೆನೈದಾ ಹೋಗ್ಲಿ ಬಿಡಿ,” ಅಂದ. “ಗಿರಣಿ ನಡೆಸ್ತಾಳೆ. ಯಂತ್ರ ಕಂಡ್ರೆ ಹೆದರೋಳಲ್ಲ.”

“ಮೆಕ್ಕೆಜೋಳ ಅರೆಯೋದಕ್ಕೂ ವಿಡಿಯೊ ತೆಗೆಯೋದಕ್ಕೂ ಏನ್ ಸಂಬಂಧ ಫಿದೆನ್ಸಿಯೊ?” ಎಂದು ಕೇಳಿದೆ.

“ಎರಡಕ್ಕೂ ಒಂದು ಗುಂಡಿ ಒತ್ತಬೇಕು. ಆಮೇಲೆ ಕೈ ಸಿಕ್ಕಿಹಾಕ್ಕೊಳ್ದೆ ಇರೋ ಹಾಗೆ ನೋಡ್ಕೋಬೇಕು.”

ಸಭೆ ನಕ್ಕಿತು. ನನ್ನ ಹೆಸರು ಪುಸ್ತಕಕ್ಕೆ ಹೋಯಿತು.

ಆರು ತಿಂಗಳು ಪ್ರತಿ ಶನಿವಾರ ಲಾರಿಯ ಹಿಂಬದಿಯಲ್ಲಿ ನಿಂತು ಎರಡು ಗಂಟೆ ಬೆಟ್ಟ ಇಳಿದು ಹೋಗುತ್ತಿದ್ದೆ. ಕಲಿಸುತ್ತಿದ್ದವಳು ಇತಾಂದೆವಿ ಎಂಬ ಹುಡುಗಿ. ವಯಸ್ಸು ಇಪ್ಪತ್ತಾರು, ಬಾಯಿ ಮಾತ್ರ ಅರವತ್ತರದು. ಮೊದಲ ವಾರ ನಾನು ಹಿಡಿದು ತಂದದ್ದರಲ್ಲಿ ನನ್ನ ಕಾಲು ಬಿಟ್ಟು ಬೇರೇನೂ ಇರಲಿಲ್ಲ. ಶುರು ಮಾಡಿದೆ ಅಂದುಕೊಂಡಾಗ ನಿಲ್ಲಿಸಿದ್ದೆ, ನಿಲ್ಲಿಸಿದೆ ಅಂದುಕೊಂಡಾಗ ಶುರು ಮಾಡಿದ್ದೆ.

“ಸೆನೈದಾ ಅವರೇ, ಚಪ್ಪಲಿ ಚೆನ್ನಾಗಿದೆ,” ಅಂದಳು. “ಮುಂದಿನ ವಾರ ಮುಖ ತನ್ನಿ.”

ಮುಖ ತಂದೆ. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಇದ್ದಿಲಾಗುತ್ತದೆ ಎಂದು ಕಲಿತೆ. ಕ್ಯಾಮೆರಾ ಹಿಡಿದ ಮೇಲೆ ಹತ್ತು ಎಣಿಸುವ ತನಕ ಅಲುಗಾಡಬಾರದು ಎಂದು ಕಲಿತೆ. ಗಾಳಿ ಬೀಸುವಾಗ ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸುವುದನ್ನು ಕಲಿತೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತೆವು. ಅಲ್ಲಿ ಮನುಷ್ಯರ ಮಾತು ಒಂದು ಉದ್ದನೆಯ ಪಟ್ಟಿಯಾಗಿ ಬಿದ್ದಿರುತ್ತದೆ. ದನಿ ಎದ್ದಲ್ಲಿ ಗುಡ್ಡ, ಸುಮ್ಮನಾದಲ್ಲಿ ಬಯಲು. ಬಯಲು ನೋಡಿ ಕತ್ತರಿಸಬೇಕು, ಬೇಡದ್ದನ್ನು ತೆಗೆದು ಎರಡು ತುದಿ ಸೇರಿಸಬೇಕು. ಸೇರಿಸಿದ ಕಡೆ ಮುಖ ತಟಕ್ಕನೆ ಜಿಗಿಯುತ್ತದೆ. ಆ ಜಿಗಿತ ಕಾಣದ ಹಾಗೆ ಮೇಲೊಂದು ಬೇರೆ ಚಿತ್ರ ಹೊದಿಸಬೇಕು: ಕೈ, ಮರ, ಒಲೆ, ಏನಾದರೂ. ನಾವು ಅದನ್ನು ತೇಪೆ ಅನ್ನುತ್ತಿದ್ದೆವು. ತೇಪೆ ಹಾಕುವುದರಲ್ಲಿ ನನ್ನ ಕೈ ಎಲ್ಲರಿಗಿಂತ ಬೇಗ ಪಳಗಿತು.

“ಎರಡು ಕಡೆ ನಕಲು ಇಡದೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ,” ಎಂದು ಇತಾಂದೆವಿ ಪ್ರತಿ ಶನಿವಾರವೂ ಹೇಳುತ್ತಿದ್ದಳು. ದಿನಾ ಕೇಳುವ ಪ್ರಾರ್ಥನೆಯಂತೆ ನಾವು ತಲೆಯಾಡಿಸುತ್ತಿದ್ದೆವು.

ಕೊನೆಯ ಪಾಠವಾಗಿ ಅವಳು ಕೊಟ್ಟ ಕೆಲಸ ಇದು: ನಿಮ್ಮ ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ ಏಳು ನಿಮಿಷದ ಚಿತ್ರ ಮಾಡಿ, ಊರಿಗೇ ತೋರಿಸಿ.

ನಾನು ತಾತ ಕ್ರಿಸೋಫೊರೊ ಹತ್ತಿರ ಹೋದೆ. ಎಂಬತ್ತೆರಡು ವರ್ಷ. ಊರಿನ ಎಲ್ಲ ಪಾಳಿಯನ್ನೂ ಮುಗಿಸಿದವರು, ನಲವತ್ತು ವರ್ಷ ಊರ ಬ್ಯಾಂಡಿನಲ್ಲಿ ತೂಬಾ ಎಂಬ ದೊಡ್ಡ ಕಹಳೆ ಊದಿದವರು. ಸಭಾಭವನದಲ್ಲಿ ಹಿರಿಯರ ಬೆಂಚಿನ ಮೊದಲ ಜಾಗ ಅವರದು. ಅದಕ್ಕಿಂತ ಹೆಚ್ಚಾಗಿ, ಕಲ್ಲೊರತೆಯ ವಿಷಯ ಗೊತ್ತಿದ್ದವರು ಅವರೊಬ್ಬರೇ ಉಳಿದಿದ್ದರು. ಕಲ್ಲೊರತೆ ನಮ್ಮೂರಿಗೂ ಕೆಳಗಿನ ಸಾನ್ ಕಸಿಯಾನೊಗೂ ನಡುವೆ ಬಂಡೆಯ ಸಂದಿನಿಂದ ಬರುವ ನೀರು. ಮೂವತ್ತು ವರ್ಷದಿಂದ ಅದು ಕೊಳವೆಯಲ್ಲಿ ನಮ್ಮೂರಿಗೆ ಬರುತ್ತಿದೆ. ಅದು ತಮ್ಮದು ಎಂದು ಸಾನ್ ಕಸಿಯಾನೊದವರು ಜಮೀನು ನ್ಯಾಯಾಲಯಕ್ಕೆ ಹೋಗಿದ್ದರು. ಹಿಂದೆ ಊರ ಜಮೀನಿನ ಯಜಮಾನಿಕೆ ನೋಡಿಕೊಳ್ಳುತ್ತಿದ್ದವರು ತಾತನ ಅಪ್ಪ.

ಅವರ ಅಂಗಳದ ಪೀಚ್ ಮರದ ಕೆಳಗೆ ಕೂರಿಸಿ ಐವತ್ತು ನಿಮಿಷ ಹಿಡಿದೆ. ಅವರು ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಿಡುವ ಹೊತ್ತಿನಲ್ಲಿ ಒಂದು ರೊಟ್ಟಿ ಬೇಯಿಸಬಹುದಿತ್ತು.

ಗಿರಣಿಯ ಹಿಂದಿನ ಕೋಣೆಯಲ್ಲಿ ಕೂತು ಮೂರು ವಾರ ಕತ್ತರಿಸಿದೆ. ಐವತ್ತನ್ನು ಏಳು ಮಾಡಬೇಕು. ಕೆಮ್ಮು ತೆಗೆದೆ, ಮೌನ ತೆಗೆದೆ, ಪಕ್ಕದ ಮನೆಯ ಹುಂಜ ಕೂಗಿದ್ದನ್ನು ತೆಗೆದೆ. ಆ ಹುಂಜ ಒಂದು ಕಡೆ ಮಾತಿನ ಮೇಲೆಯೇ ಕೂಗಿತ್ತು, ಅಲ್ಲಿ ತಾತನ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಿಷ್ಟನ್ನೂ ಎತ್ತಿ ಎಸೆದೆ. ಮುಖ ಜಿಗಿಯಿತು. ಮೇಲೆ ಒರತೆಯ ನೀರಿನ ಚಿತ್ರ ಹೊದಿಸಿದೆ. ಎಷ್ಟು ನಯವಾಗಿ ಕೂತಿತೆಂದರೆ ನಾಲ್ಕು ಸಲ ತಿರುಗಿಸಿ ನೋಡಿ ಖುಷಿಪಟ್ಟೆ. ನಾನು ಹಾಕಿದ ತೇಪೆಗಳಲ್ಲೆಲ್ಲ ಅದೇ ಚೆಂದದ್ದು.

ಊರ ಹಬ್ಬದ ಮರುದಿನ ಮಧ್ಯಾಹ್ನ ಸಭಾಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಬಿಳಿ ಹಾಸಿಗೆ ಬಟ್ಟೆಯೇ ಪರದೆ. ಊರೆಲ್ಲ ಬಂದಿತ್ತು. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿ ಬೆಂಚಿನ ಮೊದಲ ಜಾಗದಲ್ಲಿ ಕೂತಿದ್ದರು. ಪರದೆಯ ಮೇಲೆ ತಮ್ಮ ಮುಖ ಅಷ್ಟು ದೊಡ್ಡದಾಗಿ ಕಂಡಾಗ ಹೆಂಗಸರ ಕಡೆ ತಿರುಗಿ ನಾಚಿಕೊಂಡರು. ತೂಬಾದ ಕಥೆಗೆ ಜನ ನಕ್ಕರು. ಐದನೆಯ ನಿಮಿಷಕ್ಕೆ ಕಲ್ಲೊರತೆಯ ಮಾತು ಬಂತು.

ಪರದೆಯ ಮೇಲಿನ ತಾತ ಹೇಳಿದರು: “ನಮ್ಮಪ್ಪ ಆ ನೀರನ್ನ ಅವರಿಗೆ ಕೊಟ್ಟುಬಿಟ್ಟ.” ನೀರು ಜುಳುಜುಳು ಹರಿಯಿತು. “ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಒಂಬತ್ತು ವರ್ಷ.”

ಮಗುವೊಂದು ಏನೋ ಕೇಳಿತು, ತಾಯಿ ಅದರ ಬಾಯಿ ಮುಚ್ಚಿದಳು.

“ಸೆನೈದಾ,” ಅಂದ ಫಿದೆನ್ಸಿಯೊ, “ಅದನ್ನ ಇನ್ನೊಂದ್ಸಲ ಹಾಕು.”

ನನ್ನ ತೇಪೆ ಅವನಿಗೆ ಹಿಡಿಸಿತು ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ. ಹಿಗ್ಗಿ ಮತ್ತೆ ಹಾಕಿದೆ. ಎರಡನೆಯ ಸಲ ನನ್ನ ಕಿವಿಗೂ ಬಿತ್ತು. ಮೂರು ವಾರ ನೂರು ಸಲ ಕೇಳಿದ್ದ ಮಾತು, ಆದರೆ ನಿಜವಾಗಿ ಕೇಳಿದ್ದು ಆಗಲೇ.

ತಾತ ಎದ್ದು ನಿಂತಿದ್ದರು. “ನಾನು ಹಾಗೆ ಹೇಳಿಲ್ಲ,” ಅಂದರು.

“ನಿಮ್ಮ ಬಾಯೇ ಅಲ್ವಾ ತಾತ?” ಅಂದಳೊಬ್ಬಳು.

“ಬಾಯಿ ನಂದೇ. ಮಾತು ನಂದಲ್ಲ.” ಅವರು ನನ್ನ ಕಡೆ ನೋಡಿದರು. ಬೈಯಲಿಲ್ಲ. ಕೋಲು ಹುಡುಕಿ, ಸಿಗದೆ, ಗೋಡೆ ಹಿಡಿದುಕೊಂಡೇ ಹೊರಗೆ ಹೋದರು.

ನಾನು ಗಿರಣಿಗೆ ಓಡಿದೆ. ಪೂರ್ತಿ ಐವತ್ತು ನಿಮಿಷ ತೋರಿಸಿದರೆ ಮುಗಿಯಿತಲ್ಲ. ತಾತ ಅಂದದ್ದು ನನಗೆ ನೆನಪಾಗಿತ್ತು: “ಸಾನ್ ಕಸಿಯಾನೊದವರು ಏನಂತಾರೆ ಗೊತ್ತಾ? ನಮ್ಮಪ್ಪ ಆ ನೀರನ್ನ ಅವರಿಗೆ ಕೊಟ್ಟುಬಿಟ್ಟ ಅಂತಾರೆ. ಕೊಟ್ಟಿದ್ರೆ ಕಾಗದ ತೋರಿಸ್ಲಿ.” ಮೊದಲ ವಾಕ್ಯವನ್ನು ಉದ್ದವಾಯಿತೆಂದು ತೆಗೆದಿದ್ದೆ. ‘ಅಂತಾರೆ’ಯ ಮೇಲೂ ಕಾಗದದ ಮಾತಿನ ಮೇಲೂ ಹುಂಜ ಕೂಗಿತ್ತು. ಒಂಬತ್ತು ವರ್ಷದ ನೆನಪು ಗಡಿಕಲ್ಲು ನೆಟ್ಟ ದಿನದ್ದು, ಅದನ್ನು ಎಲ್ಲಿಂದಲೋ ತಂದು ಇಲ್ಲಿ ಹೊಲಿದವಳು ನಾನು.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಬ್ಯಾಂಡು ಬಂತು. ಮೆರವಣಿಗೆ ಬಂತು. ಹಬ್ಬದ ಮುಂಜಾನೆ ಜಾಗ ಸಾಲದೆಂದು ನಾನೇ ಕಾರ್ಡ್ ಅಳಿಸಿ ಹಬ್ಬ ಹಿಡಿದಿದ್ದೆ. ಕತ್ತರಿಸಿ ಉಳಿದದ್ದನ್ನು, ಇನ್ನೇಕೆ ಇದು ಎಂದು ಕಂಪ್ಯೂಟರಿನಿಂದಲೂ ತೆಗೆದಿದ್ದೆ.

ಇತಾಂದೆವಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು.

“ನಕಲು?” ಅಂದಳು.

“ಇಟ್ಟಿಲ್ಲ,” ಅಂದೆ.

ಮೂರನೆಯ ದಿನ ಸಾನ್ ಕಸಿಯಾನೊದಿಂದ ಮೂವರು ಬಂದರು. ಟೋಪಿ ಕೈಯಲ್ಲಿ ಹಿಡಿದು, ಮರ್ಯಾದೆಯಿಂದ ಫಿದೆನ್ಸಿಯೊನ ಬಾಗಿಲಲ್ಲಿ ನಿಂತು, ಫೋನ್ ತೋರಿಸಿದರು. ಭವನದಲ್ಲಿ ಯಾರೋ ಪರದೆಯನ್ನು ಫೋನಿನಲ್ಲಿ ಹಿಡಿದಿದ್ದರು. ಅದು ಆಗಲೇ ಬೆಟ್ಟ ಇಳಿದಿತ್ತು. “ನಿಮ್ಮ ಹಿರಿಯರೇ ಹೇಳಿದಾರಲ್ಲ,” ಅಂದರಂತೆ. “ನಾವು ಇದನ್ನ ನ್ಯಾಯಾಧೀಶರ ಮುಂದೆ ಇಡ್ತೀವಿ.”

ಭಾನುವಾರ ಪೂಜೆ ಮುಗಿದ ಮೇಲೆ ಸಭೆ ಸೇರಿತು. ತಾತನನ್ನು ಬೆಂಚಿನಲ್ಲಲ್ಲ, ನಡುವೆ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಹಿರಿಯರ ಸ್ಥಾನದಿಂದ ತೆಗೆಯಬೇಕು ಎಂದು ಕೆಲವರು, ಮನೆಯ ನೀರು ಕಡಿಯಬೇಕು ಎಂದು ಕೆಲವರು.

ನಾನು ಎದ್ದು ನಿಂತೆ. “ಅವರು ‘ಅಂತಾರೆ’ ಅಂದಿದ್ರು. ಅದನ್ನ ಕತ್ತರಿಸಿದ್ದು ನಾನು.”

“ಮಾತನ್ನ ಹೆಂಗಮ್ಮ ಕತ್ತರಿಸ್ತೀಯ?” ಅಂದ ಒಬ್ಬ ಮುದುಕ. “ಬಟ್ಟೆಯಾ ಅದು? ಬಾಯಿ ಅಲ್ಲಾಡಿದ್ದು ನಾನೇ ಕಂಡಿದೀನಿ.”

“ತಾತನ್ನ ಉಳಿಸೋಕೆ ಹೇಳ್ತಿದಾಳೆ,” ಅಂತ ಹಿಂದಿನಿಂದ ಬಂತು.

ಎಷ್ಟು ಹೇಳಿದರೂ ಅವರ ಮುಖ ಬದಲಾಗಲಿಲ್ಲ. ಕೊನೆಗೆ ಚೀಲದಿಂದ ಕ್ಯಾಮೆರಾ ತೆಗೆದು ಮುಕ್ಕಾಲಿಯ ಮೇಲೆ ನಿಲ್ಲಿಸಿದೆ. “ಫಿದೆನ್ಸಿಯೊ, ಈ ವರ್ಷ ನೀನು ಅಧ್ಯಕ್ಷನಾಗಿ ಏನೇನು ಮಾಡಿದೆ, ಇದರ ಮುಂದೆ ಹೇಳು. ನಿನ್ನ ಮೇಲೆ ಯಾರಾದ್ರೂ ಆಡಿಕೊಂಡಿದ್ರೆ ಅದಕ್ಕೂ ಉತ್ತರ ಕೊಡು.”

ಮಾತೆಂದರೆ ಅವನಿಗೆ ಪ್ರಾಣ. ಟೋಪಿ ಕೈಯಲ್ಲಿ ತಿರುಗಿಸುತ್ತ ಐದು ನಿಮಿಷ ಹೇಳಿದ. ನಾನು ಕಂಪ್ಯೂಟರ್ ಹಿಡಿದು ಮೂಲೆಯಲ್ಲಿ ಕೂತೆ. ಅರ್ಧ ಗಂಟೆ ಹಿಡಿಯಿತು. ಹೆಂಗಸರು ಕಾಫಿ ಹಂಚಿದರು. ಯಾರೂ ಹೊರಗೆ ಹೋಗಲಿಲ್ಲ. ಕೆಲಸ ಸಲೀಸಾಗಿ ನಡೆಯಿತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕಂಬಳಿ ಎಳೆದು ಪರದೆಯ ಮೇಲೆ ಹಾಕಿದೆ. ಅಧ್ಯಕ್ಷ ಫಿದೆನ್ಸಿಯೊ ನಮ್ಮನ್ನೆಲ್ಲ ನೆಟ್ಟಗೆ ನೋಡುತ್ತ ಹೇಳಿದ: “ಶಾಲೆಗೆ ಬಂದ ಸಿಮೆಂಟ್ ನಾನು ನಮ್ಮನೆಗೆ ಹಾಕಿಸ್ಕೊಂಡೆ.” ಅವನ ಕೈ ಟೋಪಿ ತಿರುಗಿಸುವುದು ಕಂಡಿತು. “ನನ್ನ ಹೆಂಡ್ತಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ.”

ಯಾರೋ ನಗಲು ಶುರು ಮಾಡಿದರು. ನಗು ಅರ್ಧಕ್ಕೇ ನಿಂತಿತು. ಫಿದೆನ್ಸಿಯೊನ ಮುಖದಲ್ಲಿ ರಕ್ತವಿರಲಿಲ್ಲ. ಅವನ ಹೆಂಡತಿ ಕೂತಲ್ಲೇ ಹೊದ್ದ ಶಾಲು ಬಾಯಿಗೆ ಒತ್ತಿಕೊಂಡಳು. ಅಷ್ಟು ಜನರ ಮುಂದೆ, ಅರ್ಧ ಗಂಟೆಯ ಹಿಂದೆ, ತಾನು ಏನು ಹೇಳಿದೆನೆಂದು ಅವನಿಗೇ ಒಂದು ಕ್ಷಣ ಅನುಮಾನ ಬಂತೆಂದು ಕಾಣುತ್ತದೆ. “ನಾನು... ಹಾಗಲ್ಲ,” ಅಂದ.

“ಹಾಗಲ್ಲ,” ಅಂದೆ ನಾನು. “ಈಗ ಪೂರ್ತಿ ನೋಡಿ.” ಐದು ನಿಮಿಷವನ್ನೂ ಹಾಕಿದೆ. ಶಾಲೆಗೆ ಬಂದ ಸಿಮೆಂಟ್ ನಾನು ನಮ್ಮನೆಗೆ ಹಾಕಿಸ್ಕೊಂಡೆ ಅಂತಾರೆ, ಬಂದು ನೋಡ್ಲಿ, ನಮ್ಮನೆ ನೆಲ ಇನ್ನೂ ಮಣ್ಣಿಂದೇ, ಎಂದು ಅವನು ಹೇಳಿದ್ದು ಬಂತು. ಹಬ್ಬದ ದಿನ ಜ್ವರ ಇದ್ದರೂ ಮೆರವಣಿಗೆಗೆ ಬಂದದ್ದು ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದದ್ದೂ ಬಂತು.

ಮಾತು ಕತ್ತರಿಸಲಾಗದು ಎಂದಿದ್ದ ಮುದುಕ ಎದ್ದು ಪರದೆಯ ಹತ್ತಿರ ಹೋಗಿ ಬಟ್ಟೆಯನ್ನು ಮುಟ್ಟಿ ನೋಡಿದ. ತಾತನ ಕುರ್ಚಿಯನ್ನು ಇಬ್ಬರು ಎತ್ತಿ ಬದಿಗಿಟ್ಟರು. ಅವರ ಕೈ ಹಿಡಿದು ಬೆಂಚಿನ ಮೊದಲ ಜಾಗಕ್ಕೆ ಕರೆದೊಯ್ದರು. ಹೆಂಗಸರು ಅವರ ಕೈಗೆ ಮುತ್ತಿಟ್ಟರು. ತಾತ ಮಾತ್ರ ತಲೆ ಎತ್ತಲಿಲ್ಲ. ಅವಮಾನದ ನೋವು ಇನ್ನೂ ಆರಿಲ್ಲ ಅಂದುಕೊಂಡೆ.

ಬುಧವಾರ ಬೆಳಿಗ್ಗೆ ಗಿರಣಿಯ ಸಾಲು ಕರಗಿದ ಮೇಲೆ ಅವರೇ ಬಂದರು. “ಮಗಳೇ, ಕ್ಯಾಮೆರಾ ತಗೊಂಡು ಬಾ. ಈ ಸಲ ಕತ್ತರಿಸ್ಬೇಡ.”

ಮತ್ತೆ ಅದೇ ಪೀಚ್ ಮರ. ಮೈಕ್ ಸಿಕ್ಕಿಸಿದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ, ಗುಂಡಿ ಒತ್ತಿ ಹತ್ತು ಎಣಿಸಿದೆ.

“ನಮ್ಮಪ್ಪ ಆ ನೀರನ್ನ ಅವರಿಗೆ ಕೊಟ್ಟುಬಿಟ್ಟ,” ಅಂದರು ತಾತ.

ನಾನು ‘ಅಂತಾರೆ’ಗೆ ಕಾಯುತ್ತಿದ್ದೆ. ಅವರ ಉಸಿರು ಕಿವಿಯಲ್ಲಿ ಕೇಳಿಸುತ್ತಿತ್ತು. ಎಲೆ ಅಲುಗಾಡಿದ್ದು ಕೇಳಿಸಿತು. ‘ಅಂತಾರೆ’ ಬರಲಿಲ್ಲ.

“ತಾತ,” ಅಂದೆ. ಕ್ಯಾಮೆರಾದ ಹಿಂದೆ ಇರುವವರು ಮಾತಾಡಬಾರದು ಎಂಬ ಪಾಠ ಮರೆತೇಹೋಯಿತು.

“ಕೊಟ್ಟ. ನಿಜ,” ಅಂದರು. “ಸಾನ್ ಕಸಿಯಾನೊದಲ್ಲಿ ಆಗ ಒಳ್ಳೆ ಬ್ಯಾಂಡಿತ್ತು. ಒಂದು ವರ್ಷ ಕೆಟ್ಟ ಜ್ವರ ಬಂದು ಊದೋರೆಲ್ಲ ಹೋದ್ರು. ವಾದ್ಯ ಗೋಡೆಗೆ ನೇತುಬಿದ್ದಿದ್ವು. ನಮ್ಮೂರಲ್ಲಿ ಊದೋ ಆಸೆ ಇತ್ತು, ವಾದ್ಯ ಇರ್ಲಿಲ್ಲ. ಅವರಿಗೆ ಬೇಸಿಗೇಲಿ ನೀರಿಲ್ಲ. ನಮ್ಮಪ್ಪನೂ ಅವರ ಯಜಮಾನನೂ ಒರತೆ ಹತ್ತಿರ ಕೈ ಕುಲುಕಿದ್ರು. ಹನ್ನೊಂದು ವಾದ್ಯ ಇತ್ತ ಬಂದ್ವು, ನೀರು ಅತ್ತ. ಕಾಗದ ಇಲ್ಲ. ನಾನು ಹೇಸರಗತ್ತೆ ಹಗ್ಗ ಹಿಡ್ಕೊಂಡು ನಿಂತಿದ್ದೆ. ಊರಿಗೆ ಮಾತ್ರ ಪಾದ್ರಿ ದಾನ ಕೊಟ್ರು ಅಂತ ಹೇಳಿದ್ವಿ.”

“ಮತ್ತೆ ಕೊಳವೆ?”

“ಕೊಳವೆ ಬಂದಾಗ ಊರ ಜಮೀನಿನ ಯಜಮಾನ ನಾನೇ. ನಮ್ಮಪ್ಪ ಸತ್ತಿದ್ದ, ಅವರ ಯಜಮಾನನೂ ಸತ್ತಿದ್ದ. ಗೊತ್ತಿದ್ದೋನು ನಾನೊಬ್ಬ. ನೀರನ್ನ ಈ ಕಡೆ ತಿರುಗಿಸಿದೆ.” ಮೂಗು ಒರೆಸಿಕೊಂಡರು. “ಅವತ್ತು ಹುಂಜ ಕೂಗಿದ್ದು ಹೌದು. ಆದ್ರೆ ‘ಅಂತಾರೆ’ ಅನ್ನೋದನ್ನ ನಾನೂ ಮೆಲ್ಲಗೇ ಅಂದಿದ್ದೆ. ಯಾವಾಗ್ಲೂ ಮೆಲ್ಲಗೇ ಅಂತಿದ್ದೆ.”

ಹೆಡ್‌ಫೋನ್ ತೆಗೆದೆ. ಇಡೀ ಊರನ್ನು ಎದುರು ಹಾಕಿಕೊಂಡು, ಒಬ್ಬ ನಿರಪರಾಧಿಯನ್ನು ಅವನ ಹೆಂಡತಿಯ ಮುಂದೆಯೇ ಕಳ್ಳನನ್ನಾಗಿ ಮಾಡಿ, ನಾನು ಸಾಧಿಸಿ ತೋರಿಸಿದ್ದು ಒಂದು ಸುಳ್ಳನ್ನು. ಕೈತಪ್ಪಿ ಆಡಿಸಿದ ನನ್ನ ಕತ್ತರಿಯೇ ನಿಜ ಹೇಳಿತ್ತು.

“ಅವತ್ತೇ ಯಾಕೆ ಹೇಳ್ಲಿಲ್ಲ ತಾತ?”

“ಪರದೆ ಮೇಲೆ ನನ್ನ ಬಾಯಿಂದ ಅದನ್ನ ಕೇಳಿದಾಗ ಎದೆ ಒಡೆದು ಹೋಯ್ತು ಮಗಳೇ. ಹೆದರಿಕೆ. ಆಮೇಲೆ ನೀನು ಎದ್ದು ನಿಂತೆ. ಹೆಂಗಸರು ಕೈಗೆ ಮುತ್ತಿಟ್ರು. ಮೂರು ದಿನದಿಂದ ಈ ಕೈಯಲ್ಲಿ ಊಟ ಮಾಡೋಕಾಗ್ತಿಲ್ಲ. ಇದನ್ನ ಸಭೇಲಿ ತೋರಿಸು. ನಾನೂ ಬರ್ತೀನಿ.”

ಮೊದಲು ಎರಡು ನಕಲು ಮಾಡಿದೆ. ಒಂದನ್ನು ತಾತನ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ಹಿಡಿದು ಫಿದೆನ್ಸಿಯೊನ ಮನೆಗೆ ಹೋದೆ. ಅವನು ಅಂಗಳದಲ್ಲಿ ಫೋನಿನಲ್ಲಿದ್ದ. ಲಾಸ್ ಏಂಜಲೀಸಿಗೆ ದುಡಿಯಲು ಹೋದ ನಮ್ಮೂರಿನವರಿಗೆ ವಿವರಿಸುತ್ತಿದ್ದ. ಆ ಭಾನುವಾರ ಯಾರೋ ನನ್ನ ಸಿಮೆಂಟಿನ ತುಂಡನ್ನೂ ಫೋನಿನಲ್ಲಿ ಹಿಡಿದಿದ್ದರು. ತುಂಡನ್ನು ಮಾತ್ರ, ಆಮೇಲೆ ತೋರಿಸಿದ ಐದು ನಿಮಿಷವನ್ನಲ್ಲ. ಶಾಲೆಗೆಂದು ದುಡ್ಡು ಕಳಿಸಿದ್ದವರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇದು ಹೀಗಾಗಬಹುದೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ಬಾ,” ಅಂದ. “ಮಣ್ಣಿನ ನೆಲ, ಚಪ್ಪಲಿ ಬಿಡೋದೇನೂ ಬೇಡ.”

ಕ್ಷಮೆ ಕೇಳಿದೆ. ಅವನು ಕುರ್ಚಿ ಎಳೆದು ಕೂತ. ತಾತನ ಚಿತ್ರವನ್ನು ಪೂರ್ತಿ ನೋಡಿದ. ಕೊನೆಗೆ ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

“ಇದನ್ನೂ ಸ್ವಲ್ಪ ಕತ್ತರಿಸಿಬಿಡು. ನಿನಗೆ ಬರುತ್ತಲ್ಲ.”

“ಆಗಲ್ಲ ಫಿದೆನ್ಸಿಯೊ.”

“ಗೊತ್ತು. ಹೊಟ್ಟೆ ಉರಿಗೆ ಅಂದೆ.” ಫೋನನ್ನು ಜೇಬಿಗೆ ಹಾಕಿದ. “ಭಾನುವಾರ ಸಭೆ ಕರೀತೀನಿ. ಆದ್ರೆ ಒಂದು ತಿಳ್ಕೋ ಸೆನೈದಾ, ನಾನು ಸಾಯೋವರೆಗೂ ಈ ಸಿಮೆಂಟಿಗೆ ಉತ್ತರ ಹೇಳ್ತಾ ಇರ್ಬೇಕು.”

ಭಾನುವಾರ ತಾತನ ಹೊಸ ಚಿತ್ರವನ್ನು ನಲವತ್ತಮೂರು ನಿಮಿಷ ಊರು ನೋಡಿತು. ಕೆಮ್ಮು, ಮೌನ, ಎಲ್ಲವೂ ಇತ್ತು. ಮುಗಿದ ಮೇಲೆ ಕಂಬಳಿ ಸರಿಸಿದರೆ ಯಾರೂ ಯಾರನ್ನೂ ನೋಡುತ್ತಿಲ್ಲ. ಬ್ಯಾಂಡಿನವರು ಗೋಡೆಗೆ ಒರಗಿ ಕಲ್ಲಾಗಿದ್ದರು. ಅವರ ಅಜ್ಜಂದಿರ ಕಾಲದ ವಾದ್ಯಗಳು ಆ ಭವನದ ಕಪಾಟಿನಲ್ಲೇ ಇದ್ದವು.

ಆಗ ಹಿಂದಿನಿಂದ ಒಬ್ಬ ಅಂದ: “ಇದೂ ಕತ್ತರಿಸಿದ್ದೇ.”

“ಹೌದು,” ಅಂದಳು ಇನ್ನೊಬ್ಬಳು. “ಅವಳಿಗೆ ಬರುತ್ತೆ. ನಾವೇ ಕಣ್ಣಾರೆ ನೋಡಿದೀವಲ್ಲ.”

ಗುಂಪು ಬಿಡುಗಡೆ ಸಿಕ್ಕಂತೆ ಗದ್ದಲ ಮಾಡಿತು. ಎಲ್ಲರಿಗೂ ಅದೇ ಬೇಕಿತ್ತು. ಕತ್ತರಿಸಿದರೆ ಕಾಣುವ ಜಿಗಿತ ಇಲ್ಲಿಲ್ಲ, ಒಂದು ತೇಪೆಯೂ ಇಲ್ಲ ಎಂದು ನಾನು ಕೂಗಿದೆ. “ತೇಪೆ ಕಾಣದ ಹಾಗೆ ಹಾಕೋದೇ ನಿನ್ನ ಕಸುಬು,” ಅಂದರು. ವಾರದ ಹಿಂದೆ ನಾನೇ ಅವರಿಗೆ ಕಲಿಸಿದ ಪಾಠ ಅದು. ಇನ್ನು ಯಾವ ಚಿತ್ರವನ್ನು ತಂದರೂ ನನ್ನನ್ನು ನಂಬುವವರಿರಲಿಲ್ಲ.

ತಾತ ಬೆಂಚಿನಿಂದ ಎದ್ದರು. ಕೋಲೂರಿ ನಡುವೆ ಬಂದು, ಹೋದ ಸಲ ಅವರ ಕುರ್ಚಿ ಇದ್ದ ಜಾಗದಲ್ಲೇ ನಿಂತರು. “ನನ್ನ ಬಾಯಿ ನೋಡಿ,” ಅಂದರು. “ನಮ್ಮಪ್ಪ ಆ ನೀರನ್ನ ಅವರಿಗೆ ಕೊಟ್ಟ. ನಾನು ಕಿತ್ಕೊಂಡು ತಂದೆ. ನೀವು ಮೂವತ್ತು ವರ್ಷ ಕುಡಿದ್ರಿ.”

ಗದ್ದಲ ನಿಂತಿತು. ಇದನ್ನು ಯಾರೂ ಕತ್ತರಿಸಿದ್ದು ಅನ್ನುವ ಹಾಗಿರಲಿಲ್ಲ.

ಅದಾದ ಮೇಲೆ ಮೂರು ಭಾನುವಾರ ಜಗಳವಾಯಿತು. ಕೊನೆಗೆ ಸಾನ್ ಕಸಿಯಾನೊದವರನ್ನು ಕರೆಸಿ ಕೂರಿಸಿ, ನ್ಯಾಯಾಲಯದಿಂದ ಅರ್ಜಿ ಹಿಂದಕ್ಕೆ ತೆಗೆಯುವುದು, ವಾರದಲ್ಲಿ ನಾಲ್ಕು ದಿನ ನೀರು ಅವರಿಗೆ, ಮೂರು ದಿನ ನಮಗೆ ಎಂದು ಒಪ್ಪಂದವಾಯಿತು. ಈ ಸಲ ಕಾಗದ ಬರೆದರು. ನಾನು ಅದನ್ನು ಕ್ಯಾಮೆರಾದಲ್ಲಿ ಹಿಡಿಯಲೂ ಇಲ್ಲ, ಹಿಡಿ ಎಂದು ಯಾರೂ ಹೇಳಲೂ ಇಲ್ಲ.

ನನಗೆ ಇವತ್ತಿಗೂ ಅರಗದಿರುವುದು ಬೇರೆ. ಸುಳ್ಳನ್ನು ನಂಬಿದ ದಿನ ತಾತನ ಕೈಗೆ ಮುತ್ತಿಟ್ಟವರು, ನಿಜ ಹೇಳಿದ ಮೇಲೆ ಅವರ ಪಕ್ಕ ಕೂರುವುದನ್ನು ಬಿಟ್ಟರು. ಬೆಂಚಿನಲ್ಲಿ ಅವರ ಪಕ್ಕ ಒಂದಾಳಿನ ಜಾಗ ಸದಾ ಖಾಲಿ ಇರುತ್ತಿತ್ತು. ಬಿಂದಿಗೆ ಹೊತ್ತು ಹೋಗುವ ಹೆಂಗಸರು ಅವರ ಬಾಗಿಲ ಮುಂದೆ ಬೇಕೆಂದೇ ನಿಂತು, “ಇವತ್ತು ನೀರಿಲ್ಲ ತಾತ, ಗೊತ್ತಾಯ್ತಾ?” ಎಂದು ಕೇಳಿ ಹೋಗುತ್ತಿದ್ದರು. ನನ್ನ ಗಿರಣಿಗೂ ಕೆಲವರು ಬರುವುದನ್ನು ಬಿಟ್ಟು ಕೈಯಲ್ಲೇ ಅರೆದುಕೊಂಡರು. ಫಿದೆನ್ಸಿಯೊ ದಾರಿಯಲ್ಲಿ ಸಿಕ್ಕರೆ ಟೋಪಿ ಮುಟ್ಟುತ್ತಾನೆ, ಮಾತಾಡುವುದಿಲ್ಲ. ಅವನಿಗಾಗಿ ನಾನು ಐದು ನಿಮಿಷದ ಪೂರ್ತಿ ಚಿತ್ರವನ್ನು ಗುರುತಿದ್ದವರಿಗೆಲ್ಲ ಕಳಿಸಿದೆ. ತುಂಡನ್ನು ನೋಡಿದಷ್ಟು ಜನ ಅದನ್ನು ನೋಡಲಿಲ್ಲ.

ನೀರು ಬಿಡುವ ದಿನ ಸಾನ್ ಕಸಿಯಾನೊದಿಂದ ಕರೆ ಬಂತು. ನಮ್ಮೂರಿನ ಪರವಾಗಿ ಹೋದವರು ನಾನೂ ಸೇರಿ ಐದು ಜನ, ಜೊತೆಗೆ ತಾತ. ಎರಡು ಗಂಟೆಯ ಇಳಿಜಾರನ್ನು ಕೋಲೂರಿ ಇಳಿದರು. ಹೊತ್ತುಕೊಂಡು ಹೋಗುತ್ತೇವೆ ಎಂದರೆ ಒಪ್ಪಲಿಲ್ಲ. ಕೊಳವೆಯ ಬಾಯಲ್ಲಿ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಸರು, ಆಮೇಲೆ ನೀರು. ನಮ್ಮ ಹಾಗೆಯೇ ಅಲ್ಲಿಯ ಜನರೂ ಬೆಪ್ಪಾಗಿ ನೋಡುತ್ತಿದ್ದರು.

ತಾತನನ್ನು ಏನನ್ನುತ್ತಾರೋ ಎಂದು ನಾನು ಅವರ ಪಕ್ಕಕ್ಕೆ ಸರಿದು ನಿಂತೆ. ಹಲ್ಲಿಲ್ಲದ ಮುದುಕಿಯೊಬ್ಬಳು ಹತ್ತಿರ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ನಿನ್ನನ್ನ ಬೈಯೋಣ ಅಂತ ಮೂವತ್ತು ವರ್ಷದಿಂದ ಮಾತು ಕೂಡಿಟ್ಟಿದ್ದೆ,” ಅಂದಳು. “ಕೂತ್ಕೋ. ಮೊದಲು ಉಣ್ಣು. ಆಮೇಲೆ ಬೈತೀನಿ.”

ನೆರಳಿನಲ್ಲಿ ಕುರ್ಚಿ ಹಾಕಿದರು. ಹುರುಳಿಕಾಯಿಯ ಸಾರು, ಬಿಸಿ ರೊಟ್ಟಿ ತಂದಿಟ್ಟರು. ತಾತ ಕೈ ತೊಳೆದುಕೊಂಡು ನಿಧಾನವಾಗಿ ಉಂಡರು. ಬಟ್ಟಲು ಖಾಲಿಯಾದ ಮೇಲೆ ಮುದುಕಿಯ ಕಡೆ ಚಾಚಿ, ಇನ್ನೊಂದಿಷ್ಟು ಹಾಕ್ತೀಯಾ ತಾಯಿ, ಎಂದು ಕೇಳಿದರು.